ಸಿರಿಯ ಪರೀಕ್ಷೆಗೆ ನಾನು ಮಾಡಿದ ತಯಾರಿ

ಪ್ರಣವ, ಸಿರಿ, ಎದುರು ಕೂತು ಹೇಳಲು ನಿಮ್ಮ ಅಜ್ಜಿಯಾದ ನನಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ಸಿರಿ, ನಿನಗಾಗ ಮೂರೂವರೆ ವರ್ಷ. ಉತ್ತರಹಳ್ಳಿಯ ನಮ್ಮ ಮನೆಯಲ್ಲಿ ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಓಡುತ್ತಿದ್ದೆ. ಹೆಸರು ಹಿಡಿದು ಕರೆದರೆ ಮಾತ್ರ ತಿರುಗುತ್ತಿರಲಿಲ್ಲ. ಆಡುತ್ತಿದ್ದ ನಾಲ್ಕು ಮಾತೂ ನಿಂತುಹೋದವು.

ಕಿವಿ ಚೆನ್ನಾಗಿದೆ ಎಂದರು ಡಾಕ್ಟರ್. ಹಾಗಾದರೆ ಬೇರೇನೋ ಇದೆ ಎಂದು ನನ್ನ ಭಯ ಹೆಚ್ಚಾಯಿತು.

ನಿಮ್ಮಮ್ಮ ಶೈಲಜಾ ಮತ್ತು ನಾನು ನಿನ್ನನ್ನು ಜಯನಗರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಸೈಕಾಲಜಿಸ್ಟ್ ಮೇಡಂ ಒಂದು ಮರದ ಹಲಗೆ ಇಟ್ಟರು. ನಕ್ಷತ್ರ, ಚೌಕ, ಅರ್ಧಚಂದ್ರದ ಬಿಲ್ಲೆಗಳನ್ನು ಅದರದರ ಗುಳಿಯಲ್ಲಿ ಕೂರಿಸಬೇಕು. ಅವರ ಕೈಯಲ್ಲಿ ಸ್ಟಾಪ್‌ವಾಚ್. ನೀನು ಒಂದನ್ನೂ ಮುಟ್ಟದೆ ಅತ್ತೆ. "ಇವತ್ತು ಬಲವಂತ ಬೇಡ, ಮುಂದಿನ ವಾರ ಬನ್ನಿ" ಎಂದರು.

ನಮ್ಮೂರ ಶಾಲೆಗೆ ಇನ್ಸ್‌ಪೆಕ್ಟರ್ ಬರುವ ಮುಂಚೆ, ಯಾರು ಯಾವ ಪ್ರಶ್ನೆಗೆ ಎದ್ದು ನಿಲ್ಲಬೇಕೆಂದು ಮೇಷ್ಟ್ರು ವಾರವಿಡೀ ಬಾಯಿಪಾಠ ಮಾಡಿಸುತ್ತಿದ್ದರು. ಪರೀಕ್ಷೆಯೆಂದರೆ ನನಗೆ ಗೊತ್ತಿದ್ದದ್ದು ಅಷ್ಟೇ. ಚಪ್ಪಲಿ ಡಬ್ಬಿಯ ರಟ್ಟಿನಲ್ಲಿ ಅವೇ ಆಕಾರಗಳನ್ನು ಕತ್ತರಿಸಿದೆ. ಶೈಲಜಾ ಆಫೀಸಿಗೆ ಹೋದ ಮೇಲೆ ದಿನಾ ನಿನ್ನ ಕೈ ಹಿಡಿದು ಕಲಿಸಿದೆ. ನೀನು ಕೊಸರಿಕೊಂಡರೂ ಬಿಡಲಿಲ್ಲ.

ಪ್ರಣವ, ತಂಗಿಯ ಅವಸ್ಥೆ ನೋಡಿ ನೀನು ಕೇಳಿದೆ, "ಅಜ್ಜಿ, ಇದು ಕಾಪಿ ಹೊಡ್ದಂಗೆ ಅಲ್ವಾ?"

"ಸುಮ್ನಿರೋ, ಬಂದ ದೊಡ್ಡ ಮೇಷ್ಟ್ರು!" ಎಂದು ಗದರಿದೆ.

ಮುಂದಿನ ವಾರ ಸಿರಿ, ನೀನು ಪಟಪಟನೆ ಎಲ್ಲವನ್ನೂ ಕೂರಿಸಿಬಿಟ್ಟೆ. ಶೈಲಜಾಳ ಮುಖ ಅರಳಿತು. ಮೇಡಂ ಮಾತ್ರ ನನ್ನನ್ನೇ ನೋಡಿದರು.

"ಮನೇಲಿ ಇದನ್ನ ಆಡಿಸಿದ್ರಾ ಅಜ್ಜಿ?"

"ಇಲ್ಲ ಮೇಡಂ."

ಸುಳ್ಳು ಹೇಳಿದೆ.

ಅವರು ಬರೆದುಕೊಳ್ಳತೊಡಗಿದರು. ಈ ರಿಪೋರ್ಟ್ ನೋಡಿಯೇ ಥೆರಪಿ ಬೇಕೋ ಬೇಡವೋ, ಯಾವುದು, ಎಷ್ಟು ದಿನ ಎಂದು ತೀರ್ಮಾನಿಸುತ್ತೇವೆ ಎಂದು ಶೈಲಜಾಗೆ ಹೇಳಿದರು. ಆಗ ನನಗೆ ಅರ್ಥವಾಯಿತು. ನೀನು ಫೇಲಾಗುತ್ತೀಯೆಂದು ಹೆದರಿದ್ದ ನಾನು ನಿನಗೆ ಸಿಗಬೇಕಾದ ಸಹಾಯಕ್ಕೇ ಅಡ್ಡ ನಿಂತಿದ್ದೆ.

"ಮೇಡಂ, ನಾನೇ ಹೇಳ್ಕೊಟ್ಟಿದ್ದು. ರಟ್ಟು ಕತ್ತರಿಸಿ."

"ಅಮ್ಮಾ!" ಶೈಲಜಾ ನನ್ನ ಮೇಲೆ ಹಾಗೆ ಎಂದೂ ಕೂಗಿರಲಿಲ್ಲ.

ಮೇಡಂ ಪೆನ್ನು ಕೆಳಗಿಟ್ಟರು. "ಹೇಳಿದ್ದು ಒಳ್ಳೇದಾಯ್ತು. ಇದ್ರಲ್ಲಿ ಪಾಸು ಫೇಲು ಏನಿಲ್ಲ ಅಜ್ಜಿ. ಎಲ್ಲಾ ಮಕ್ಕಳಿಗೂ ಒಂದೇ ಥರ, ಹೇಳಿಕೊಡದೇ ಮಾಡಿಸಿದ್ರೆ ತಾನೇ ಇವಳಿಗೆ ಎಲ್ಲಿ ಕಷ್ಟ ಅಂತ ಗೊತ್ತಾಗೋದು?"

ಆ ಹಲಗೆಯ ಅಂಕ ಬಿಟ್ಟು, ಇನ್ನೆರಡು ದಿನ ಬೇರೆ ಪರೀಕ್ಷೆಗಳನ್ನು ಮಾಡಿದರು. ನನ್ನನ್ನು ಹೊರಗೆ ಕೂರಿಸಿದರು.

ಆಟಿಸಂ ಎಂದರು.

ಆಟೋದಲ್ಲಿ ನಿನ್ನನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದು ಕೂತೆ. ನಿಮ್ಮ ತಾತ ಇದ್ದಿದ್ದರೆ ಅವರ ಮುಂದೆ ಅತ್ತುಬಿಡುತ್ತಿದ್ದೆ. ಮಗಳ ಮುಂದೆ ಆಗಲಿಲ್ಲ.

ಈಗ ವಾರಕ್ಕೆ ಮೂರು ದಿನ ಥೆರಪಿ. ಮೊನ್ನೆ ಬಾಯಾರಿದಾಗ ನೀನು ಮೊದಲ ಸಲ ಲೋಟದತ್ತ ಬೆರಳು ತೋರಿಸಿದೆ. ಭಯ ಹೋಗಿಲ್ಲ. ಆದರೆ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದು ಈಗ ಗೊತ್ತಿದೆ.

ಈ ಹಾಳೆಗಳನ್ನು ಜೋಪಾನವಾಗಿಡಿ. ಸಿರಿ, ಓದಲು ಬಂದ ದಿನ ನೀನೇ ಓದು. ಬರದಿದ್ದರೆ ಪ್ರಣವ, ನೀನು ಪಕ್ಕದಲ್ಲಿ ಕೂತು ನಿಧಾನವಾಗಿ ಓದಿ ಹೇಳು. ಅಜ್ಜಿ ಕ್ಷಮೆ ಕೇಳಿದ್ದಾಳೆ ಎಂಬುದನ್ನು ಮಾತ್ರ ಎರಡು ಸಲ ಓದು.