ಒಂದೇ ಸೊಂಟ, ಎರಡು ಎಕ್ಸ್‌ರೇ

ನಮ್ಮಣ್ಣ ಮಸ್ಕಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಕಾಗದದಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎಂದು ನಂಬಿದವನು. ನಮ್ಮ ಎರಡು ವರ್ಷದ ಕಪ್ಪು ಲ್ಯಾಬ್ರಡಾರ್ ಹೆಣ್ಣುನಾಯಿಗೆ ಆತ ಸಿಂಧನೂರಿನಲ್ಲಿ ಒಂದು ಗಂಡು ಹುಡುಕಿದ. ಗಂಡಿನ ಮಾಲೀಕ ಒಬ್ಬ ರೈಸ್ ಮಿಲ್ ಸಾಹುಕಾರ. ನಮ್ಮ ನಾಯಿಯನ್ನು ಅಂಗಳದಲ್ಲಿ ನಾಲ್ಕು ಸಲ ನಡೆಸಿ ನೋಡಿ, "ಈ ಜಾತಿಗೆ ಸೊಂಟದ ಕೀಲು ಸಡ್ಲ ಇರ್ತಾವ್ರಿ, ಮರಿಗೂ ಬರ್ತೈತಿ. ಎಕ್ಸ್‌ರೇ ತಗಿಸ್ಕೊಂಡು ಬರ್ರಿ," ಎಂದ. ನನ್ನನ್ನು ನೋಡಲು ಬಂದವರೂ ಹೀಗೇ ನಡೆಸಿ ನೋಡಿದ್ದರು. ಪುಣ್ಯಕ್ಕೆ ಎಕ್ಸ್‌ರೇ ಕೇಳುವಷ್ಟು ವಿಜ್ಞಾನ ಅವರಿಗೆ ತಿಳಿದಿರಲಿಲ್ಲ.

ಅದೇ ಊರಿನ ಒಬ್ಬ ಪಶುವೈದ್ಯರ ಬಳಿ ಹೋದೆವು. ನಾಯಿಗೆ ಮತ್ತು ಬರಿಸುವ ಇಂಜೆಕ್ಷನ್ ಬೇಡವೇ ಎಂದು ಕೇಳಿದೆ. "ನಾಲ್ಕ್ ಮಂದಿ ಹಿಡಿದ್ರ ಸಾಕ್ರೀ ಮೇಡಂ," ಎಂದರು. ಹಿಡಿದೆವು. ಕಿರಣ ತಡೆಯುವ ಸೀಸದ ಏಪ್ರನ್ ಒಂದೇ ಇತ್ತು. ಅದನ್ನು ಡಾಕ್ಟರರೇ ತೊಟ್ಟಿದ್ದರು. ಅಂಗಾತ ಮಲಗಿಸಿ ಹಿಂಗಾಲುಗಳನ್ನು ನೆಟ್ಟಗೆ ಎಳೆದಾಗ ನಾಯಿ ಮೈಯೆಲ್ಲ ಬಿಗಿ ಹಿಡಿದು ನಡುಗಿತು. ಫೋಟೋ ನೋಡಿ ಡಾಕ್ಟರರು, "ಬಂಗಾರದಂಥ ಕೀಲು," ಎಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನೂ ತಲೆಯಾಡಿಸಿದೆ. ಬೇಕಾದ ಉತ್ತರ ಬಂದಾಗ ಮರುಪ್ರಶ್ನೆ ಕೇಳುವ ಚಟ ನನಗೂ ಇಲ್ಲ.

ಆದರೆ ಆ ವಾರವೇ ನಾಯಿ ಓಡುವಾಗ ಎರಡೂ ಹಿಂಗಾಲು ಜೋಡಿಸಿ ಮೊಲದ ಹಾಗೆ ಕುಪ್ಪಳಿಸುವುದು ಕಣ್ಣಿಗೆ ಬಿತ್ತು. ಸೊಂಟ ಸಡಿಲ ಇರಬಹುದು ಎಂದು ಅಣ್ಣನಿಗೆ ಹೇಳಿದೆ.

"ಎಕ್ಸ್‌ರೇದಾಗ ಇಲ್ಲದ್ದು ನಾಯಾಗ ಎಲ್ಲಿಂದ ಬರ್ತೈತಿ ಬೇ?" ಎಂದ.

ಹಟ ಹಿಡಿದು ಲಿಂಗಸುಗೂರಿಗೆ ಕರೆದೊಯ್ದೆ. ಅಣ್ಣ ಗೊಣಗುತ್ತ ಬಂದ. ಅಲ್ಲಿದ್ದ ಡಾಕ್ಟರ್ ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾಯಿಗೆ ಮತ್ತು ಬರಿಸಿ, ಮೊದಲು ಕಾಲು ಎಳೆದು ಒಂದು ಫೋಟೋ ತೆಗೆದರು. ಕೀಲು ಚೆನ್ನಾಗಿಯೇ ಕಂಡಿತು. ಅಣ್ಣನ ಮುಖ ಅರಳಿತು. ಆಮೇಲೆ ಕಾಲು ಸಡಿಲ ಬಿಟ್ಟು, ತೊಡೆಗಳ ನಡುವೆ ಒಂದು ಸಾಧನ ಇಟ್ಟು, ಮೊಣಕಾಲುಗಳನ್ನು ಒಳಕ್ಕೆ ಒತ್ತಿ ಇನ್ನೊಂದು ತೆಗೆದರು. ಅದರಲ್ಲಿ ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಿನಿಂದ ಅರ್ಧ ಹೊರಗೆ ಸರಿದು ನಿಂತಿತ್ತು.

"ಕಾಲು ಜಗ್ಗಿದ್ರ ಕೀಲಿನ ಸುತ್ತಿನ ಪೊರೆ ಹಸಿ ಟವೆಲ್ ಹಿಂಡಿದಂಗ ತಿರುಚ್ಕೊಂತೈತ್ರಿ," ಎಂದು ಡಾಕ್ಟರ್ ತಿಳಿಸಿ ಹೇಳಿದರು. "ಆಗ ಗುಂಡು ತಾನಾಗೇ ಒಳಗ ಕೂಡ್ತೈತಿ. ಸಡ್ಲ ಇದ್ರೂ ಕಾಣಂಗಿಲ್ಲ. ಎಚ್ಚರ ಇದ್ದ ನಾಯಿ ಬಿಗಿ ಹಿಡಿದ್ರಂತೂ ಮುಗೀತು."

ಹತ್ತು ನಿಮಿಷದ ಅಂತರ. ಅದೇ ನಾಯಿ, ಅದೇ ಮೇಜು. ಅಣ್ಣ ಸ್ವಲ್ಪ ಯೋಚಿಸಿ, "ಮೊದಲಿಂದು ಅಷ್ಟ ಕೊಡ್ರಿ," ಎಂದ. ನಾನು ಎರಡೂ ಇಸಿದುಕೊಂಡೆ.

ಮರುದಿನ ಎರಡನ್ನೂ ಸಾಹುಕಾರನ ಕೈಗಿಟ್ಟು, "ನಿಮ್ಮ ನಾಯಿದೂ ಹಿಂಗ ತಗಿಸಿರೇನ್ರಿ?" ಎಂದು ಕೇಳಿದೆ.

ಆತನಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಅದಕ್ಯಾಕ್ರೀ? ಅದು ಗಂಡೈತಿ."

ಮರಿಗೆ ಅರ್ಧ ಕೀಲು ಅಪ್ಪನಿಂದ ಬರುತ್ತದೆ ಎಂದೆ. ಆತ ಚಹಾ ತರಿಸಿದ. ಚಹಾ ಕುಡಿದು ಬಂದೆವು, ಸಂಬಂಧ ಮುರಿಯಿತು. ಮುಂದಿನ ತಿಂಗಳು ಬಳಗಾನೂರಿನ ಇನ್ನೊಂದು ಹೆಣ್ಣುನಾಯಿ, ಕಾಲು ಎಳೆದು ತೆಗೆಸಿದ ಒಂದೇ ಫೋಟೋ ತೋರಿಸಿ ಪಾಸಾಯಿತಂತೆ. ಅದರ ಮರಿಗಳು ಈಗ "ಎಕ್ಸ್‌ರೇ ಆದ ತಳಿ" ಎಂಬ ಹೆಸರಿನಲ್ಲಿ ಊರೂರು ಓಡಾಡುತ್ತಿವೆ. ಎಷ್ಟು ದಿನ ಓಡುತ್ತವೋ ಕಾಣೆ.

ನಮ್ಮ ನಾಯಿಗೆ ಮರಿಯಾಗದಂತೆ ಆಪರೇಷನ್ ಮಾಡಿಸಿದೆ. ಅಣ್ಣ ಎಂಟು ದಿನ ನನ್ನ ಜೊತೆ ಮಾತು ಬಿಟ್ಟ. ಒಂಬತ್ತನೇ ದಿನ ನಾಯಿ ಟೈಲ್ಸ್ ಮೇಲೆ ಜಾರಿ ಬಿದ್ದು ಏಳಲಾರದೆ ಅವನ ಮುಖ ನೋಡಿತು. ಆತ ಹಿತ್ತಲಿಗೆ ಹೋಗಿ ಗೋಣಿಚೀಲಗಳನ್ನು ತಂದು, ಪಡಸಾಲೆಯಿಂದ ಬಾಗಿಲವರೆಗೆ ಒಂದೊಂದಾಗಿ ಹಾಸುತ್ತ ಹೋದ.