ಕಿಟಕಿಯೊಳಗೆ ಎಸೆದ ಕರ್ಚೀಫು

ಇವತ್ತು ಬೆಳಿಗ್ಗೆ ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಬ್ಯಾಡಗಿ ಗಾಡಿ ಬಂದು ನಿಂತದ್ದೇ ತಡ, ನನ್ನ ಕೈ ತನ್ನ ಪಾಡಿಗೆ ತಾನು ಕಿಟಕಿಯೊಳಗೆ ಕರ್ಚೀಫು ಎಸೆಯಿತು. ನೂಕಿ, ನೂಕಿಸಿಕೊಂಡು ಒಳಗೆ ಹೋಗಿ ಕುಳಿತೆ. ಕರ್ಚೀಫು ಪಕ್ಕದಲ್ಲಿ, ಕಿಟಕಿಯ ಹತ್ತಿರ ಬಿದ್ದಿತ್ತು. ಆಮೇಲೆ ನೆನಪಾಯಿತು: ಅದು ಯಾರಿಗಾಗಿ ಹಿಡಿದ ಸೀಟೋ ಅವರು ಇನ್ನು ಬರುವುದಿಲ್ಲ. ನಗಬೇಡಿ, ನೀವೂ ದಿನಾ ಬಸ್ಸಿನಲ್ಲಿ ಓಡಾಡುವವರಾದರೆ ಇಂಥ ಕೈ ನಿಮಗೂ ಇದ್ದೀತು.

ಶಾಂತಕ್ಕ ಕರ್ಜಗಿಯಿಂದ ಬರುತ್ತಿದ್ದರು. ಬ್ಯಾಡಗಿ ಹತ್ತಿರದ ಶಾಲೆಯಲ್ಲಿ ನಾವಿಬ್ಬರೂ ಟೀಚರು. ನಾನು ಇಂಗ್ಲಿಷು, ಅವರು ಗಣಿತ. ಅವರ ಊರಿನ ಬಸ್ಸು ಯಾವಾಗಲೂ ತಡ, ಹೀಗಾಗಿ ಹಾವೇರಿಯಲ್ಲಿ ಸೀಟು ಹಿಡಿಯುವ ಕೆಲಸ ನನ್ನದು. ಕಿಟಕಿಯೇ ಬೇಕು ಅವರಿಗೆ. ದಿನಾ ನೋಡುವ ಅದೇ ಗೋವಿನಜೋಳದ ಹೊಲಗಳನ್ನು ಆ ಸೀಮೆಗೆ ಹೊಸದಾಗಿ ಬಂದವರಂತೆ ನೋಡುತ್ತಿದ್ದರು. ಸೀಟು ಹಿಡಿದದ್ದಕ್ಕೆ ನನಗೊಂದು ಶೇಂಗಾ ಉಂಡಿ ಸಿಗುತ್ತಿತ್ತು. ನಾನು ದಪ್ಪಗಾದದ್ದಕ್ಕೆ ಅದೇ ಕಾರಣವೆಂದು ಮನೆಯಲ್ಲಿ ಇವತ್ತಿಗೂ ವಾದಿಸುತ್ತೇನೆ.

ಒಂದು ವರ್ಷ ಆರನೇ ಇಯತ್ತೆಗೆ ಪ್ರವಾಸದ ಪಾಠ ಬಂದಾಗ ಲಗೇಜ್, ಪ್ಲಾಟ್‌ಫಾರ್ಮ್, ಡಿಪಾರ್ಚರ್ ಎಂದು ಬೋರ್ಡಿನ ತುಂಬ ಬರೆದೆ. ಮಕ್ಕಳು ಉರುಹೊಡೆದರು, ಮರುದಿನ ಮರೆತರು. ಶಾಂತಕ್ಕ ಬಾಗಿಲಲ್ಲಿ ನಿಂತು, "ಬೋರ್ಡ್ ಮ್ಯಾಲ ಗಾಡಿ ಎಲ್ಲಿ ಓಡತೈತ್ರಿ? ಬೆಂಚ್ ಎಳಸ್ರಿ," ಎಂದರು. ಬೆಂಚುಗಳು ಎರಡು ಸಾಲಾಗಿ ಬಸ್ಸಾದವು. ರಿಸರ್ವೇಶನ್ ಅಂದರೇನು ಎಂದು ಕೇಳಿದೆ. ಹುಡುಗಿಯೊಬ್ಬಳು ಎದ್ದು ಹೊರಗೆ ಹೋಗಿ, ಕಿಟಕಿಯಿಂದ ಬೆಂಚಿನ ಮೇಲೆ ಕರ್ಚೀಫು ಎಸೆದಳು. ನಾನು ತಿದ್ದಲು ಹೊರಟೆ. ಶಾಂತಕ್ಕ ಬಿಡಲಿಲ್ಲ.

"ಖರೇನ ಐತಲ್ರಿ! ಆದರ ನೋಡವಾ, ಗಾಡಿ ಬಿಡೂತನಕ ಅಷ್ಟ ಕರ್ಚೀಫಿನ ಹಕ್ಕು. ಬಿಟ್ಟ ಮ್ಯಾಲ ನಿಂತವರಿಗೆ ಸೀಟ್ ಕೊಡಬೇಕು."

ಅಲ್ಲಿಂದ ಪ್ರತಿವರ್ಷ ಆ ಬಸ್ಸು ಓಡಿತು. ಕಂಡಕ್ಟರಾದ ಮಗು ಇಂಗ್ಲಿಷಿನಲ್ಲಿ ಎಲ್ಲಿಗೆಂದು ಕೇಳಿದರೆ ಶಾಂತಕ್ಕನ ಉತ್ತರ ಒಂದೇ: "ಗೋಕರ್ಣ. ಟೂ ಟಿಕೆಟ್ಸ್. ವಿಂಡೋ ಸೀಟ್." ಅವರು ಸಮುದ್ರ ನೋಡಿರಲಿಲ್ಲ. ನಾನು ಮಾತ್ರ ಪ್ರತಿ ಸಲ ಹಾವೇರಿ ಎನ್ನುತ್ತಿದ್ದೆ.

"ಪುಕ್ಕಟೆ ಗಾಡಿಯೊಳಗೂ ಮನೀಗೇ ಹೊಂಟ್ರೇನ್ರಿ?" ಎಂದು ಅವರು ಹೊಟ್ಟೆ ಹಿಡಿದು ನಗುತ್ತಿದ್ದರು.

ಆ ಎರಡನೇ ಟಿಕೆಟು ನನಗಾಗಿ. ಪರೀಕ್ಷೆ ಮುಗಿಯಲಿ, ನಿಜವಾಗಿಯೂ ಹೋಗೋಣ ಎಂದುಕೊಳ್ಳುವುದು. ಅಷ್ಟರಲ್ಲಿ ಯಾರದೋ ಮದುವೆ, ಯಾವುದೋ ತರಬೇತಿ, ಅವರ ಮಂಡಿನೋವು. ಹೋದ ಬೇಸಿಗೆಯಲ್ಲಿ ಜ್ವರವೆಂದು ಮಲಗಿದ ಶಾಂತಕ್ಕ ಮತ್ತೆ ಏಳಲಿಲ್ಲ. ಅವರಿಲ್ಲದೆಯೂ ಶಾಲೆ ನಡೆಯುತ್ತದೆ, ಗಣಿತಕ್ಕೆ ಬೇರೆಯವರು ಬಂದಿದ್ದಾರೆ. ನನಗೆ ಮಾತ್ರ ಅವರು ಬೇಕು, ಬಹಳ ಬೇಕು.

ಗಾಡಿ ಹೊರಟಿತು. ಮೆಣಸಿನಕಾಯಿ ಚೀಲ ಹಿಡಿದ ಹೆಂಗಸೊಬ್ಬರು ಪಕ್ಕದಲ್ಲಿ ನಿಂತು, "ಯಾರರ ಬರಾವ್ರು ಅದಾರೇನ್ರಿ, ಅಕ್ಕಾರ?" ಎಂದು ಕೇಳಿದರು.

ಹೂಂ ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಬಸ್ಸು ಸ್ಟ್ಯಾಂಡಿನ ಗೇಟು ದಾಟಿತು. ಕರ್ಚೀಫು ಎತ್ತಿಕೊಂಡೆ.

"ಇಲ್ರಿ. ಬರ್ರಿ, ಕುಂದ್ರಿ."

ಚೀಲದ ಘಾಟಿಗೆ ಸೀನು ಬಂತು, ಕಣ್ಣಲ್ಲಿ ನೀರೂ ಬಂತು. ಅಷ್ಟು ನೆಪ ಸಾಕಾಯಿತು, ಬ್ಯಾಡಗಿಯವರೆಗೂ ಅತ್ತೆ. "ನಮ್ಮ ಕಾಯಿ ಭಾಳ ಖಾರ ಅದಾವ್ರಿ," ಎಂದು ಆಕೆ ಪಾಪ, ಚೀಲವನ್ನು ಕಾಲಕೆಳಗೆ ಸರಿಸಿಕೊಂಡರು.

ಮಧ್ಯಾಹ್ನ ಆರನೇ ಇಯತ್ತೆಯಲ್ಲಿ ಬೆಂಚು ಎಳೆಸಿದೆ. ಹೋದ ವರ್ಷ ಬಾಗಿಲಲ್ಲಿ ನಿಂತು ಈ ಆಟ ನೋಡಿದ್ದ ಹುಡುಗಿಯೇ ಈ ಸಲ ಕಂಡಕ್ಟರು. ನನ್ನ ಮುಂದೆ ಬಂದು, "ವೇರ್ ಟು, ಅಕ್ಕೋರ?" ಎಂದಳು.

"ಗೋಕರ್ಣ."

ಅವಳ ಮುಖ ಅರಳಿತು. "ಟೂ ಟಿಕೆಟ್ಸ್?"

"ಒಂದ ಕೊಡವಾ. ಈ ರಜಾಕ್ಕ ಖರೇನ ಹೊಂಟೇನಿ," ಎಂದು ಕಿಟಕಿಯ ಕಡೆಗೆ ಸರಿದು ಕುಳಿತೆ.