ಹುಡುಗಿ ನೋಡಲು ಹೋಗಿ ಗೋಡೆ ನೋಡಿದ ಕಥೆ

ಹುಡುಗಿ ನೋಡಲು ಹೋದ ಹುಡುಗ ಹುಡುಗಿಯನ್ನು ನೋಡಲೇಬೇಕೇ?

ನಗಬೇಡಿ. ಹೋದ ಭಾನುವಾರ ಗುಬ್ಬಿಯಲ್ಲಿ ಈ ಪ್ರಶ್ನೆ ನಮ್ಮ ಬೆವರಿಳಿಸಿತು.

ಚೇತನ್ ನನ್ನ ಅಕ್ಕನ ಮಗ. ತುಮಕೂರಿನ ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಡಿಸೈನ್ ಎಂಜಿನಿಯರ್. ಒಳ್ಳೆಯ ಹುಡುಗ (ಚಿಕ್ಕಮ್ಮನ ಸರ್ಟಿಫಿಕೇಟ್ ಎಂದು ತಳ್ಳಿಹಾಕಬೇಡಿ). ಅವನಿಗೆ ಆಟಿಸಂ ಇದೆ. ಮಾತಾಡುವಾಗ ಎದುರಿಗಿದ್ದವರ ಮುಖ ನೋಡುವುದಿಲ್ಲ. ಕುಣಿಗಲ್‌ನಲ್ಲಿ ನೋಡಿದ ಮೊದಲ ಸಂಬಂಧ ಮುರಿದುಬಿದ್ದದ್ದು ಇದಕ್ಕೇ. "ಹುಡುಗ ಮುಖ ಕೊಟ್ಟು ಮಾತಾಡಲ್ಲ, ಜಂಬ" ಅಂದರಂತೆ. ಜಂಬವಂತೆ! ಅವನಿಗೆ ಆ ಪದದ ಪರಿಚಯವೇ ಇಲ್ಲ.

ಇದೂ ತಪ್ಪಿದರೆ ಇನ್ನು ಯಾರ ಮನೆಗೂ ಬರುವುದಿಲ್ಲ ಎಂದು ಈ ಸಲ ಚೇತನ್ ಹೇಳಿಬಿಟ್ಟಿದ್ದ. ಅಕ್ಕನಿಗೆ ಊಟ ಸೇರದು. ಮರಳೂರಿನ ಅವಳ ಮನೆಯಲ್ಲಿ ವಾರವಿಡೀ ರಿಹರ್ಸಲ್. ಹುಡುಗಿಯ ಪಾತ್ರ ನನ್ನದು (ಈ ವಯಸ್ಸಿನಲ್ಲಿ ಸಿಕ್ಕ ಚಾನ್ಸ್, ಬಿಡುತ್ತೇನೆಯೇ?).

"ಚಿಕ್ಕಮ್ಮನ ಕಣ್ಣೇ ನೋಡ್ಬೇಕು ಕಣೋ. ಆ ಕಡೆ ಈ ಕಡೆ ತಿರುಗಂಗಿಲ್ಲ" ಎಂದಳು ಅಕ್ಕ.

"ಸರಿ" ಎಂದ. ಅವನು ಸರಿ ಎಂದರೆ ಮುಗಿಯಿತು, ಮಾಡಿಯೇ ತೀರುತ್ತಾನೆ.

"ಆಟಿಸಂ ವಿಷಯ?" ಎಂದು ಅಕ್ಕನನ್ನು ಪಕ್ಕಕ್ಕೆ ಕರೆದು ಕೇಳಿದೆ.

"ಮೊದ್ಲು ಒಪ್ಕೊಳ್ಳಿ ಬಿಡೇ. ಆಮೇಲೆ ನಿಧಾನಕ್ಕೆ ಹೇಳೋಣ."

ನನಗೆ ಸಿಟ್ಟು ಬಂತು. ಮದುವೆಯಾಗುವವಳಿಗೆ ಹೇಳದೆ ಇನ್ಯಾರಿಗೆ ಹೇಳುವುದು? ಆದರೆ ಅಕ್ಕನ ಸೊರಗಿದ ಮುಖ ನೋಡಿ ಸುಮ್ಮನಾದೆ.

ಗುಬ್ಬಿಯಲ್ಲಿ ಕೇಸರಿಬಾತ್, ಬೋಂಡಾ ಆಯಿತು. ಹುಡುಗಿ ಸುಮಾ ಕಾಫಿ ತಂದಳು. ಹೈಸ್ಕೂಲ್ ಟೀಚರ್, ಲಕ್ಷಣವಾಗಿದ್ದಾಳೆ. ಚೇತನ್ ಅವಳ ಕಣ್ಣಿಗೆ ಕಣ್ಣು ನೆಟ್ಟ. ನೆಟ್ಟವನು ಕೀಳಲೇ ಇಲ್ಲ! ಹುಡುಗಿಯ ಅಪ್ಪ "ಡ್ಯೂಟಿ ಎಷ್ಟೊತ್ತಿಗಪ್ಪ?" ಎಂದರು. ಉತ್ತರವಿಲ್ಲ. ಮತ್ತೆ ಕೇಳಿದರು. ಊಹೂಂ.

ಅವಳ ಅಜ್ಜಿ ನನ್ನತ್ತ ಬಗ್ಗಿದರು. "ಏನವ್ವ, ನಿಮ್ಮುಡ್ಗ ರೆಪ್ಪೇನೇ ಬಡಿಯಾಕಿಲ್ವಲ್ಲ?"

ಅಕ್ಕ ಮಗನ ತೊಡೆ ಚಿವುಟಿದಳು. "ನೀನೇ ತಾನೇ ಅಮ್ಮ ಕಣ್ಣೇ ನೋಡು ಅಂದಿದ್ದು?" ಎಂದ, ಮನೆಮಂದಿಗೆಲ್ಲ ಕೇಳುವಂತೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಹುಡುಗಿಯ ಅಪ್ಪ ಪುಣ್ಯಾತ್ಮರು. "ಹೋಗಿ, ನೀವಿಬ್ರೇ ಮಾತಾಡ್ಕೊಳ್ಳಿ" ಎಂದು ಅವರಿಬ್ಬರನ್ನೂ ವರಾಂಡಕ್ಕೆ ಕಳಿಸಿದರು. (ನಾವು ಕದ್ದು ಕೇಳಲಿಲ್ಲ. ಕಿಟಕಿ ತೆರೆದಿತ್ತು, ಏನು ಮಾಡೋಣ?)

"ನಂಗೆ ಆಟಿಸಂ ಇದೆ" ಎಂದೇ ಶುರು ಮಾಡಿದ ಚೇತನ್. ಒಳಗೆ ಅಕ್ಕ ಕಣ್ಣು ಮುಚ್ಚಿಕೊಂಡಳು. "ನಿಮ್ಮ ಮುಖ ನೋಡ್ತಿದ್ರೆ ನೀವು ಹೇಳಿದ್ದು ತಲೆಗೆ ಹೋಗಲ್ಲ. ಗೋಡೆ ನೋಡ್ತಿದ್ರೆ ಪೂರ್ತಿ ಕೇಳ್ಸುತ್ತೆ. ಯಾವ್ದು ಮಾಡ್ಲಿ?"

ನಾನು ಕಿಟಕಿಯ ಹತ್ತಿರಕ್ಕೆ ಸರಿದೆ.

ಸುಮಾ ಜೋರಾಗಿ ನಕ್ಕಳು. "ಗೋಡೇನೇ ನೋಡಿ. ನಂಗೂ ಆರಾಮ."

ಇಬ್ಬರೂ ಗೋಡೆ ನೋಡುತ್ತಾ ಕೂತರು. ಕಾಫಿ ಎರಡನೇ ಸಲ ಬಂದರೂ ಮಾತು ಮುಗಿಯಲಿಲ್ಲ.

ಇದನ್ನು ಡಾಕ್ಟರು ನಮಗೆ ಎಂದೋ ಬಿಡಿಸಿ ಹೇಳಿದ್ದರು. ಮುಖ ನೋಡುವುದು, ಮಾತು ಕೇಳುವುದು, ಎದುರಿನವರ ಮನಸ್ಸಿನಲ್ಲೇನಿದೆ ಎಂದು ಅಂದಾಜು ಮಾಡುವುದು, ಇವಕ್ಕೆಲ್ಲ ಮಿದುಳಿನ ಬೇರೆ ಬೇರೆ ಭಾಗಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತಲೇ ಇರಬೇಕಂತೆ. ಆಟಿಸಂ ಇರುವ ಎಷ್ಟೋ ಜನರಲ್ಲಿ ಆ ಸಂಪರ್ಕದ ದಾರಿಗಳೇ ಬೇರೆ. ಗುಬ್ಬಿಯಿಂದ ಕುಣಿಗಲ್‌ಗೆ ಕೆಲವರು ತುಮಕೂರಿಗೆ ಬಂದು ಬಸ್ಸು ಬದಲಿಸುತ್ತಾರೆ, ಕೆಲವರು ಒಳರಸ್ತೆ ಹಿಡಿಯುತ್ತಾರೆ. ಊರು ತಲುಪಿದರಾಯಿತಲ್ಲ? ನಾವೋ, ಅವನನ್ನು ನಮ್ಮ ಬಸ್ಸಿಗೇ ಹತ್ತಿಸಲು ಹೊರಟಿದ್ದೆವು.

ಬುಧವಾರ ಸುಮಾ ತಾನೇ ಅಕ್ಕನಿಗೆ ಫೋನ್ ಮಾಡಿದಳು. "ಆಂಟಿ, ನಾನು ಹೇಳಿದ್ದನ್ನ ಒಂದೂ ಬಿಡದೆ ಕೇಳಿಸ್ಕೊಂಡಿದಾರೆ. ಹಂಗೆ ಕೇಳಿಸ್ಕೊಳ್ಳೋರು ಯಾರೂ ಸಿಕ್ಕಿರ್ಲಿಲ್ಲ ನಂಗೆ. ನಮ್ಮನೇಲೂ ಎಲ್ರೂ ಒಪ್ಪಿದಾರೆ." ಅಕ್ಕ ಅತ್ತಳು. ನಾನೂ ಅತ್ತೆ, ಸಂತೋಷಕ್ಕೆ.

ಕುಣಿಯುತ್ತಾ ಮನೆಗೆ ಬಂದು ನಮ್ಮ ಯಜಮಾನರಿಗೆ ಈ ಕಥೆಯನ್ನೆಲ್ಲ ಒಪ್ಪಿಸಿದೆ. ಪಾಪ, ನನ್ನ ಮುಖವನ್ನೇ ನೋಡುತ್ತಾ, ಹ್ಞೂಂಗುಟ್ಟುತ್ತಾ, ಕೊನೆತನಕ ತಲೆಯಾಡಿಸಿದರು. ಆಮೇಲೆ ಕೇಳಿದರು: "ಅದ್ಸರಿ, ಗುಬ್ಬಿಗೆ ಯಾಕೆ ಹೋಗಿದ್ದೆ ನೀನು?"